ಮೀನಿಗೆ ಬಡಿಸಿದ ಭಾವ

ನಮ್ಮ ಭಾವ ಮಾಡಿದ ಅಡುಗೆ ಉಂಡು ನೀವು ನೆಮ್ಮದಿಯಿಂದ ಕೈ ತೊಳೆದು ಹೊರಟಿದ್ದೀರಿ ಎಂದಾದರೆ, ಒಂದೋ ನೀವು ತಟ್ಟೆ ಪೂರ್ತಿ ಖಾಲಿ ಮಾಡಿದ್ದೀರಿ, ಇಲ್ಲವೇ ಅವರ ಕಣ್ಣಿಗೆ ಬಿದ್ದಿಲ್ಲ. ಮೂರನೆಯ ದಾರಿ ಇರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಬಹಳ ವರ್ಷ ಮುಖ್ಯ ಅಡುಗೆಯವರಾಗಿದ್ದರು. ಹೆಸರು ಹೇಳುವುದಿಲ್ಲ. ಹೇಳಿದರೆ, ಓದಿದವರು ಏನು ತಿಳಿದುಕೊಂಡರೋ ಎಂದು ಅವರು ನಿದ್ದೆ ಬಿಡುತ್ತಾರೆ. ಅವರು ನಿದ್ದೆ ಬಿಟ್ಟರೆ ಅಕ್ಕ ನನ್ನನ್ನು ಬಿಡುವುದಿಲ್ಲ.

ಆ ಹೋಟೆಲಿನ ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ. ಬೇರೆ ಅಡುಗೆಯವರಾದರೆ ಆ ಕಿಂಡಿಯಿಂದ ತಿಂಡಿ ಹೊರಗೆ ತಳ್ಳಿ ಅಲ್ಲಿಗೆ ಮರೆತುಬಿಡುತ್ತಾರೆ. ಭಾವನ ನಿಜವಾದ ಸಂಕಟ ಆಮೇಲೆ ಶುರು. ಕಿಂಡಿಗೆ ಕಣ್ಣಿಟ್ಟು, ಗಿರಾಕಿ ಮೊದಲ ತುತ್ತು ಬಾಯಿಗಿಟ್ಟಾಗ ಹುಬ್ಬು ಮೇಲೆ ಹೋಯಿತೋ ಕೆಳಗೆ ಬಂತೋ ನೋಡಬೇಕು. ತೊಳೆಯಲು ಹೋಗುವ ಎಂಜಲು ತಟ್ಟೆಗಳು ಅವರ ಮುಂದೆಯೇ ಹಾದುಹೋಗಬೇಕು. ತಟ್ಟೆಯಲ್ಲಿ ಏನಾದರೂ ಉಳಿದಿತ್ತೋ, ಅದು ಯಾವ ಮೇಜಿನದು, ಯಾರು ಕೂತದ್ದು, ಯಾಕೆ ಬಿಟ್ಟದ್ದು ಎಂಬ ವಿಚಾರಣೆ ಆಗಬೇಕು.

ಒಮ್ಮೆ ಒಬ್ಬ ಗುಜರಾತಿ ಸೇಠರು ಅರ್ಧ ವಡೆ ಬಿಟ್ಟು ಎದ್ದು ಹೋದರು. ಭಾವ ಹಿಟ್ಟಿನ ಕೈಯಲ್ಲೇ ಬಸ್ ಸ್ಟಾಪಿನವರೆಗೆ ಓಡಿದರು. ಸೇಠರು ಗಾಬರಿಯಿಂದ ಕಿಸೆಗೆ ಕೈ ಹಾಕಿ, ಬಿಲ್ಲು ಕೊಟ್ಟಾಗಿದೆ ಎಂದು ಚೀಟಿ ತೋರಿಸಿದರು. ಭಾವ ಚೀಟಿ ನೋಡಲೇ ಇಲ್ಲ. "ವಡೇ ಮೇ ಕ್ಯಾ ಕಮ್ ಥಾ, ಸೇಠ್?" ಎಂದರು. ವಡೆಯಲ್ಲಿ ಕಮ್ಮಿ ಏನೂ ಇರಲಿಲ್ಲ, ಸೇಠರಿಗೆ ಹಲ್ಲುನೋವು. ಬೇರೆಯವರಾದರೆ ಇಲ್ಲಿಗೆ ಸಮಾಧಾನ ಆಗುತ್ತಿತ್ತು. ಭಾವ ಮರುದಿನದಿಂದ ಹಲ್ಲಿಲ್ಲದವರೂ ತಿನ್ನುವಂಥ ವಡೆ ಮಾಡಲು ಹೊರಟು, ಅದು ಎಣ್ಣೆಯಲ್ಲಿ ಬಿದ್ದ ಕೂಡಲೇ ಬಿಚ್ಚಿಕೊಂಡರೂ, ಮಾಲೀಕರು ಕೈಮುಗಿದು ಬೇಡಿಕೊಳ್ಳುವವರೆಗೆ ಬಿಡಲಿಲ್ಲ.

ನಾನು ಮುಂಬಯಿಗೆ ಬಂದಿಳಿದಾಗ ಮೊದಲು ಅನ್ನ ಹಾಕಿದವರೂ ಇವರೇ. ಹಾಕಿ ಎದುರಿಗೇ ನಿಂತು ನೋಡಿದರು. ಒಬ್ಬರು ಎದುರು ನಿಂತು ನೋಡುತ್ತಿರುವಾಗ ಉಣ್ಣುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಅದಕ್ಕೇ ಇರಬೇಕು, ನಾನು ಬೇಗ ಸ್ವಂತ ವ್ಯಾಪಾರ ಮಾಡಿ ಸ್ವಂತ ತಟ್ಟೆ ಸಂಪಾದಿಸಿಕೊಂಡೆ. ಮಸ್ಜಿದ್ ಬಂದರಿನಲ್ಲಿ ಹಿಂಡಿ, ತೌಡು, ನುಚ್ಚಕ್ಕಿಯ ದಲ್ಲಾಳಿ ಕೆಲಸ. ಕುರ್ಲಾದ ಎಮ್ಮೆ ಕಟ್ಟುವ ತಬೇಲಾಗಳಿಗೆಲ್ಲ ನನ್ನದೇ ಮಾಲು. (ಹಿಂಡಿ ಕೊಳ್ಳುವುದಿದ್ದರೆ ಒಂದು ಮಾತು ನೆನಪಿಟ್ಟುಕೊಳ್ಳಿ: ಚೀಲದ ಬಾಯಿಯಲ್ಲಿರುವುದನ್ನು ಎಂದೂ ನೋಡಬೇಡಿ, ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ತೆಗೆದು ಮೂಸಿ. ಮಾರುವವ ಆಗ ಮಾತು ನಿಲ್ಲಿಸಿದರೆ ಬೆಲೆ ಇಳಿಸಿ.)

ಇಷ್ಟು ಪೀಠಿಕೆ ಸಾಕು. ವಿಷಯ ಏನೆಂದರೆ, ಭಾವನಿಗೆ ದಮ್ಮು ಹಿಡಿಯಿತು.

ಹೊಗೆ ಹೋಗಲು ಸರಿಯಾದ ದಾರಿಯಿಲ್ಲದ ಅಡುಗೆಮನೆಯಲ್ಲಿ ಅಷ್ಟು ವರ್ಷ ನಿಂತವರಿಗೆ ಇನ್ನೇನು ಹಿಡಿಯುತ್ತದೆ? ಮೊದಲು ಕೆಮ್ಮು, ಆಮೇಲೆ ಎದೆಯೊಳಗೆ ಸೀಟಿ, ಆಮೇಲೆ ಮಲಗಲಾಗದೆ ದಿಂಬಿಗೆ ಒರಗಿ ಕೂರುವುದು. ಕುರ್ಲಾದ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಇನ್ನೊಂದು ಮಳೆಗಾಲ ಆ ಹೊಗೆಯಲ್ಲಿ ನಿಂತರೆ ಆಮೇಲೆ ನನ್ನ ಹತ್ತಿರ ಬರಬೇಡಿ, ಬಂದು ಪ್ರಯೋಜನವಿಲ್ಲ ಎಂದುಬಿಟ್ಟರು.

ಮಾಲೀಕರು ಒಳ್ಳೆಯವರು. ಭಾವನನ್ನು ಗಲ್ಲಾದ ಮೇಲೆ ಕೂರಿಸಿ ನೋಡಿದರು. ಭಾವ ಅಲ್ಲಿಂದಲೂ ತಟ್ಟೆಗಳನ್ನೇ ನೋಡುತ್ತಿದ್ದರು. ಯಾರಾದರೂ ಉಪ್ಪಿಟ್ಟು ಅರ್ಧ ಬಿಟ್ಟು ಬಂದರೆ, "ನೀವು ತಿಂದದ್ದೇ ಅರ್ಧ, ಪೂರ್ತಿ ದುಡ್ಡು ಹೇಗೆ ತಗೊಳ್ಳುವುದು?" ಎಂದು ಅರ್ಧ ವಾಪಸು ಕೊಡುತ್ತಿದ್ದರು. ಈ ಸುದ್ದಿ ಗ್ರಾಂಟ್ ರೋಡಿನಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ವಾರ ಮುಗಿಯುವ ಮೊದಲೇ ಗಲ್ಲಾದಿಂದ ಇಳಿಸಿದರು. "ಮಳೆಗಾಲದವರೆಗೆ ರಜೆ ತಗೊಳ್ಳಿ ಭಟ್ರೇ. ನಿಮ್ಮ ಜಾಗ ಕಾದಿಡುತ್ತೇನೆ. ಆದರೆ ಮಳೆ ಬಿದ್ದ ಮೇಲೆ ಒಲೆ ಮುಂದೆ ಒಬ್ಬ ಬೇಕೇ ಬೇಕು ನನಗೆ" ಎಂದರು.

ಅಕ್ಕ ನನ್ನನ್ನು ಕರೆಸಿದಳು. ಕುರ್ಲಾದ ತಮ್ಮ ಚಾಳಿನ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದಳು: "ತಮ್ಮಾ, ನೀನು ಊರಿಗೆಲ್ಲ ಬುದ್ಧಿ ಹೇಳ್ತಿ. ಇವರಿಗೆ ಹೊಗೆ ಇಲ್ಲದ ಒಂದು ಕೆಲಸ ಹುಡುಕಿ ಕೊಡು ನೋಡುವ. ಇಲ್ಲದಿದ್ದರೆ ಮಳೆ ಬಿದ್ದ ದಿನ ಇವರು ಆ ಒಲೆಗೇ ಹೋಗಿ ನಿಲ್ತಾರೆ. ನಾನು ಹೇಳಿದರೆ ಕೇಳುವವರಲ್ಲ."

ಹುಡುಕಿದೆ. ಪರಿಚಯದವರ ಬಟ್ಟೆ ಅಂಗಡಿಯಲ್ಲಿ ನಿಲ್ಲಿಸಿದೆ. ಸೀರೆ ಕೊಂಡ ಹೆಂಗಸು ಮೂರು ಗಲ್ಲಿ ದಾಟಿದ ಮೇಲೆ ಹಿಂದಿನಿಂದ ಹೋಗಿ, "ಬಣ್ಣ ಸಮಾಧಾನ ಆಯ್ತಾ?" ಎಂದು ಕೇಳಿ ಪೆಟ್ಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ನಾನೇ ಕೈಚೆಲ್ಲಿದೆ. ಆಗ ಬಂದವಳು ಜಾನಾಬಾಯಿ.

ಜಾನಾಬಾಯಿ ಘಾಟ್ಕೋಪರಿನ ಮಾರ್ಕೆಟ್ಟಿನಲ್ಲಿ ಮೀನು ಮಾರುವ, ಕೋಳಿ ಎಂಬ ಬೆಸ್ತರ ಜಾತಿಯ ಹೆಂಗಸು. ಗಟ್ಟಿ ದೇಹ, ಅದಕ್ಕಿಂತ ಗಟ್ಟಿ ಗಂಟಲು. ಘಾಟ್ಕೋಪರಿನ ಗುಡ್ಡದ ಬದಿಯಲ್ಲಿ ಕಲ್ಲು ಒಡೆದು ಬಿಟ್ಟ ಒಂದು ದೊಡ್ಡ ಕೋರೆ ಇತ್ತು. ಅದರಲ್ಲಿ ನೀರು ನಿಂತು ಕೆರೆಯಂತಾಗಿತ್ತು. ಅವಳು ಅದನ್ನು ಗೇಣಿಗೆ ಹಿಡಿದು, ಕಲಕತ್ತೆಯ ಕಡೆಯಿಂದ ಬಂದ ರೋಹು, ಕಾಟ್ಲಾ ಮೀನಿನ ಮರಿಗಳನ್ನು ಬಿಟ್ಟಿದ್ದಳು. ಅವಕ್ಕೆ ಹಾಕಲು ಶೇಂಗಾ ಹಿಂಡಿ ಒಯ್ಯುತ್ತಿದ್ದುದು ನನ್ನಿಂದ. ಒಂದು ದಿನ ಅವಳು ನನ್ನ ವ್ಯಾಪಾರದ ಗಾದಿಗೆ ಬಂದು ಮರಾಠಿಯಲ್ಲಿ ಜಗಳ ತೆಗೆದಳು. ಹಿಂಡಿಪುಡಿ ನೀರಿಗೆ ಬಿದ್ದ ಕೂಡಲೇ ಕರಗಿ ಹೋಗುತ್ತದೆ, ಅರ್ಧ ಮೀನಿಗೆ, ಅರ್ಧ ಕೆಸರಿಗೆ; ಕೆಸರು ನಾರುತ್ತದೆ, ಮೀನು ಬೆಳೆಯುವುದಿಲ್ಲ. ನನ್ನ ಹಿಂಡಿಯೇ ಖೊಟ್ಟಿ ಎಂದಳು. ನಾನು ಚೌಕಾಶಿಯಲ್ಲಿ ಹೆಸರು ಮಾಡಿದವ. ಅವಳ ಮುಂದೆ ನನಗೂ ಎರಡು ಲೋಟ ನೀರು ಬೇಕಾಯಿತು.

ಆ ಭಾನುವಾರ ಅಕ್ಕನ ಮನೆಯಲ್ಲಿ ಇದನ್ನು ತಮಾಷೆಯಾಗಿ ಹೇಳಿದೆ. ಭಾವ ಮಜ್ಜಿಗೆ ಅನ್ನಕ್ಕೆ ಹಾಕಿದ ಕೈ ಅಲ್ಲೇ ನಿಲ್ಲಿಸಿದರು.

"ಬಾಯಿಗೆ ಹೋಗುವ ಮೊದಲೇ ಕರಗುವುದಾ? ಯಾರು ಮಾಡಿದ ಅಡುಗೆ ಅದು?"

"ಅಡುಗೆ ಅಲ್ಲ ಭಾವ, ಹಿಂಡಿ. ಗಾಣದಿಂದ ಬಂದದ್ದು."

"ಹಾಗಾದರೆ ಹಸಿಯೇ ಹಾಕುವುದಾ? ಬೇಯಿಸದೆ?"

"ಮೀನಿಗೆ ಯಾರು ಬೇಯಿಸಿ ಹಾಕ್ತಾರೆ?"

"ಯಾಕೆ, ಅವಕ್ಕೆ ಹೊಟ್ಟೆ ಇಲ್ವಾ ಮಾರಾಯ?"

ಹುಟ್ಟಿದ ಮೇಲೆ ಮೀನು ಮುಟ್ಟದ ಮನುಷ್ಯ. ಕುರ್ಲಾ ಸ್ಟೇಷನ್ನಿನಲ್ಲಿ ಮೀನಿನ ಬುಟ್ಟಿ ಹತ್ತಿದರೆ ಇವರು ಆ ಡಬ್ಬಿ ಇಳಿದು ಬೇರೆ ಡಬ್ಬಿಗೆ ಓಡುವವರು. ಆದರೆ ಯಾವುದೋ ಜೀವಕ್ಕೆ ಬಡಿಸಿದ್ದು ಅದರ ಬಾಯಿ ತಲುಪುತ್ತಿಲ್ಲ ಎಂದರೆ ತಡೆಯುವುದು ಹೇಗೆ? ಆ ರಾತ್ರಿ ಅವರು ಕೆಮ್ಮಿದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದರಂತೆ.

ಮೊದಲ ಪ್ರಯೋಗಕ್ಕೆ ಅವರು ಗೊತ್ತಿದ್ದುದನ್ನೇ ಮಾಡಿದರು. ಹಿಂಡಿ, ತೌಡು, ನುಚ್ಚು ಎಲ್ಲವನ್ನೂ ಉದ್ದಿನ ಜೊತೆ ರುಬ್ಬಿ, ಹುಳಿ ಬರಿಸಿ, ಅಕ್ಕನ ಸೀಮೆಎಣ್ಣೆ ಸ್ಟೋವಿನ ಮೇಲೆ ಇಡ್ಲಿ ಬೇಯಿಸಿದರು. ಮಲ್ಲಿಗೆ ಹೂವಿನಂಥ ಇಡ್ಲಿ. ಬಣ್ಣ ಮಾತ್ರ ಸೆಗಣಿಯದು. ಬಾಲ್ದಿಯಲ್ಲಿ ನೀರು ತುಂಬಿ ಒಂದನ್ನು ಇಳಿಸಿದೆವು. ನಾವು ಉಸಿರು ಬಿಡುವುದರೊಳಗೆ ಅದು ಉಬ್ಬಿ, ಬಿರಿದು, ಗಂಜಿಯಾಯಿತು.

"ಗಟ್ಟಿ ಮಾಡಿ ಭಾವ" ಎಂದೆ. "ಕಲ್ಲಿನ ಹಾಗೆ ಮಾಡಿ."

ನಾನು ಕಳ್ಳತನ ಮಾಡಲು ಹೇಳಿದೆನೋ ಎಂಬಂತೆ ನೋಡಿದರು. "ಮೆತ್ತಗೆ ಮಾಡುವುದಕ್ಕೇ ಇಷ್ಟು ವರ್ಷ ಸಂಬಳ ತಗೊಂಡವ ನಾನು. ಗಟ್ಟಿ ಇಡ್ಲಿ ಮಾಡಿದ ಅಂತ ಯಾರಾದರೂ ಕೇಳಿದರೆ?"

"ಯಾರು ಕೇಳ್ತಾರೆ? ಮೀನಾ?"

ಇಲ್ಲಿ ಇನ್ನೊಂದು ಸಲಹೆ ಹೇಳಿಬಿಡುತ್ತೇನೆ: ಮನುಷ್ಯ ಜೀವಮಾನವಿಡೀ ಕಲಿತ ಕೈಗುಣವನ್ನು ಬಿಡಿಸಲು ಹೋಗಬೇಡಿ. ಅದೇ ಕೈಗುಣದ ಇನ್ನೊಂದು ಮೂಲೆಯಿಂದ ಬನ್ನಿ. ನಾನು ಅಕ್ಕನ ಅಟ್ಟದಿಂದ ಊರಿನ ಶ್ಯಾವಿಗೆ ಒರಳು ಇಳಿಸಿ ಅವರ ಮುಂದಿಟ್ಟೆ. ಒತ್ತುಶ್ಯಾವಿಗೆ ಬಿಸಿನೀರಿನಲ್ಲೂ ಬಿಡುವುದಿಲ್ಲವಲ್ಲ! ಭಾವನ ಮುಖ ಬೆಳಗಿತು. ಹುಳಿ ಬರಿಸುವುದು ಬಿಟ್ಟರು. ಅಂಟಿಗೆ ಏನು ಎಂದು ತಲೆ ಕೆಡಿಸಿಕೊಂಡು, ಹೋಟೆಲಿನ ಮೋರಿ ನೆನಪಿಸಿಕೊಂಡರು. ಕಪ್ಪು ಉದ್ದು ನೆನೆಸಿ ತೊಳೆದಾಗ ಬರುವ ಸಿಪ್ಪೆಯನ್ನು ದಿನವೂ ಬಾಲ್ದಿಗಟ್ಟಲೆ ಚೆಲ್ಲುತ್ತಿದ್ದರು. ಮೋರಿಯ ಕಲ್ಲು ಜಾರುವುದು ಅದರ ಲೋಳೆಯಿಂದಲೇ. ಆ ಸಿಪ್ಪೆಯನ್ನು ನೀರು ಬಸಿದು ತರಿಸಿ, ಹಿಂಡಿಪುಡಿ, ತೌಡು, ನುಚ್ಚಿನ ಜೊತೆ ನಾದಿ, ಬೇಯಿಸಿ, ಒರಳಿನಲ್ಲಿ ಒತ್ತಿ, ಚಾಳಿನ ಟೆರೇಸಿನಲ್ಲಿ ಒಣಗಿಸಿ, ಮುರಿದು ತುಂಡು ಮಾಡಿದರು. ಒಣಗಲು ಹಾಕಿದ ಕೂಡಲೇ ಕಾಗೆಗಳು ಮುತ್ತಿದವು.

"ಕಾಗೆ ಮುಟ್ಟಿತು, ಕಾಗೆ ಮುಟ್ಟಿತು" ಎಂದು ಭಾವ ಸಂತೋಷದಿಂದ ಕೂಗಿದ್ದನ್ನು ಕೇಳಿ ಕೆಳಗಿನ ಮಾಳಿಗೆಯ ನಮ್ಮೂರ ಅಜ್ಜಿ, ಇವತ್ತು ಯಾರ ತಿಥಿ ಎಂದು ವಿಚಾರಿಸಲು ಮೇಲೆ ಬಂದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಆಮೇಲೆ ನೀರಿನ ಜಗಳ. ಚಾಳಿನ ನಲ್ಲಿಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನೀರು. ಅದರಲ್ಲಿ ಎರಡು ಬಾಲ್ದಿ ಭಾವನ ಶ್ಯಾವಿಗೆಗೆ. ಒಂದು ಬಾಲ್ದಿಯಲ್ಲಿ ಇವತ್ತಿನದು, ಇನ್ನೊಂದರಲ್ಲಿ ನಿನ್ನೆಯದು. ಯಾವುದು ಎಷ್ಟು ಹೊತ್ತು ಬಿಡದೆ ನಿಲ್ಲುತ್ತದೆ ಎಂದು ಮೆಟ್ಟಿಲ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯುವುದು. ನೆರೆಮನೆಯ ಮರಾಠಿ ಹೆಂಗಸು ಕೇಳಿಯೇಬಿಟ್ಟಳು: "ಅಕ್ಕಾ, ನಿಮ್ಮವರಿಗೆ ಎದೆಗೆ ಮಾತ್ರ ತೊಂದರೆ ಅಂದಿದ್ದಿರಲ್ಲ?"

ಕೊನೆಗೂ ಬಾಲ್ದಿಯಲ್ಲಿ ಮಧ್ಯಾಹ್ನದವರೆಗೆ ಬಿಡದೆ ನಿಂತ ಶ್ಯಾವಿಗೆ ಸಿದ್ಧವಾಯಿತು. ಜಾನಾಬಾಯಿಗೆ ತೋರಿಸಿದೆ. ಅವಳು ಒಂದು ತುಂಡು ಮುರಿದು, ಮೂಸಿ, ಮೂಗು ಮುರಿದಳು. ಇದಕ್ಕೆ ವಾಸನೆಯೇ ಇಲ್ಲ, ಮೀನು ಹೇಗೆ ಹುಡುಕಿಕೊಂಡು ಬರಬೇಕು? ಜವಳ ಬೇಕು ಎಂದಳು. ಜವಳ ಎಂದರೆ ಉಗುರಿನಷ್ಟು ಸಣ್ಣ ಒಣಸಿಗಡಿ. ಅದರ ವಾಸನೆ ಉಗುರಿನಷ್ಟಲ್ಲ.

ಭಾವ ಎರಡು ದಿನ ಶ್ಯಾವಿಗೆ ಒರಳನ್ನು ಮುಟ್ಟಲಿಲ್ಲ. ಆಮೇಲೆ ಒಂದು ಒಪ್ಪಂದ ಆಯಿತು. ಅಡುಗೆ ಕೋರೆಯ ದಂಡೆಯಲ್ಲೇ, ಬಯಲಲ್ಲಿ. ಒಲೆ ಜಾನಾಬಾಯಿಯ ಪಾಲು, ಹೊಗೆ ಆಕಾಶದ ಪಾಲು. ಜವಳದ ಪುಡಿ ಸೇರಿಸುವುದು, ಆಮೇಲಿನ ನಾದುವುದು, ಒತ್ತುವುದು ಎಲ್ಲ ಅವಳ ಕೈ. ಭಾವ ಮೂಗಿಗೆ ಅಂಗವಸ್ತ್ರ ಕಟ್ಟಿ, ಬೆನ್ನು ತಿರುಗಿಸಿ ನಿಂತು, ತಿರುಗಿ ನೋಡದೆ ಹೇಳುವುದು: "ಸಾಕು. ಉಪ್ಪು ಹಾಕುವಷ್ಟೇ. ಇನ್ನು ನಾದು." ಬೆನ್ನಿಗೇ ಕಣ್ಣಿದ್ದಂತೆ ಹೇಳುತ್ತಿದ್ದರು.

"ಭಟಜೀ, ಇಷ್ಟು ಮಡಿಯಲ್ಲಿ ಉಣ್ಣಿಸುವುದಾದರೆ ನನ್ನ ಮೀನಿಗೆಲ್ಲ ಜನಿವಾರವನ್ನೂ ಹಾಕಿಬಿಡಿ" ಎಂದಳು ಜಾನಾಬಾಯಿ.

ಭಾವ ಗಂಭೀರವಾಗಿ ಯೋಚಿಸಿ ಹೇಳಿದರು: "ಬೇಡ. ದಾರ ಬಾಯಿಗೆ ಸಿಕ್ಕಿಕೊಂಡರೆ?"

ಮಾತು ಹೀಗಾಯಿತು: ಈ ಸಲದ ಮೀನು ಚೆನ್ನಾಗಿ ಬೆಳೆದರೆ ಜಾನಾಬಾಯಿ ಇನ್ನು ಮುಂದೆ ಈ ಆಹಾರವನ್ನೇ ಹಾಕುತ್ತಾಳೆ, ಠಾಣೆ, ವಸಾಯಿ ಕಡೆ ಕೆರೆ ಹಿಡಿದಿರುವ ಅವಳ ನೆಂಟರಿಗೂ ಹೇಳುತ್ತಾಳೆ. ಭಾವನಿಗೆ ಹೊಗೆಯಿಲ್ಲದ ಅನ್ನ. ಬೆಳೆಯದಿದ್ದರೆ ಮಳೆ, ಗ್ರಾಂಟ್ ರೋಡು, ಒಲೆ. ಅಕ್ಕ ದಿನವೂ ಆಕಾಶ ನೋಡಲು ಶುರುಮಾಡಿದಳು.

ಆದರೆ ಭಾವನಿಗೆ ಅಸಲು ಕಷ್ಟ ಎದುರಾದದ್ದು ಬಡಿಸಿದ ಮೇಲೆ. ಗಿರಾಕಿ ನೀರಿನೊಳಗೆ. ಹುಬ್ಬು ಕಾಣುವುದಿಲ್ಲ. ಕಿಂಡಿ ಇಲ್ಲ. ತಿಂದರೋ ಬಿಟ್ಟರೋ ಹೇಳುವವರಿಲ್ಲ. ಆ ಮನುಷ್ಯ ಕೋರೆಯ ದಂಡೆಯಲ್ಲಿ ಸುತ್ತು ಹಾಕುತ್ತ, ನೀರಿಗೆ ಬಗ್ಗಿ ನೋಡುತ್ತ, ನನ್ನನ್ನು ಕೇಳುತ್ತ ಹುಚ್ಚಾಗುವುದೊಂದು ಬಾಕಿ. "ತಿಂದಿರಬಹುದಾ? ಒಳಗೆ ಹಾಗೇ ಬಿದ್ದಿದ್ದರೆ? ಖಾರ ಇಲ್ಲ ಅಂತ ಬೇಸರ ಆಗಿದ್ದರೆ?"

ಒಂದು ಬೆಳಿಗ್ಗೆ ಅವರು ಹೋಟೆಲಿನ ಹಳೆಯ ಅಲ್ಯುಮಿನಿಯಂ ತಟ್ಟೆಗಳ ಕಟ್ಟು ಹೊತ್ತುಕೊಂಡು ಬಂದರು. ಹೋಟೆಲಿನ ಹೆಸರು ಒತ್ತಿದ, ಅಂಚು ನೆಗ್ಗಿದ ತಟ್ಟೆಗಳು. ಅಂಚಿಗೆ ತೂತು ಹೊಡೆದು, ತಕ್ಕಡಿಯಂತೆ ಹಗ್ಗ ಕಟ್ಟಿ, ಶ್ಯಾವಿಗೆ ತುಂಡುಗಳನ್ನು ಕೈ ತಾಗದಂತೆ ಸೌಟಿನಲ್ಲಿ ಬಡಿಸಿ, ಅಲ್ಲಲ್ಲಿ ನೀರಿಗಿಳಿಸಿದರು. ಸ್ವಲ್ಪ ಹೊತ್ತು ಬಿಟ್ಟು ಎಳೆದರು. ಖಾಲಿ. ಭಾವ ಆ ತಟ್ಟೆಯನ್ನು ಸೂರ್ಯನಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲ ತಟ್ಟೆ ಖಾಲಿಯಾದ ದಿನ ನಾಳೆಗೆ ಸ್ವಲ್ಪ ಹೆಚ್ಚು, ಉಳಿದ ದಿನ ನಾಳೆಗೆ ಸ್ವಲ್ಪ ಕಡಿಮೆ. ಕೆಸರಿಗೆ ಹೋಗುವುದು ನಿಂತಿತು. ಹಿಂಡಿ ಬೇಕಾಗುವುದೂ ಕಡಿಮೆಯಾಯಿತು. ಅಂದರೆ ಹಿಂಡಿ ಮಾರುವ ನನ್ನ ಬುಡಕ್ಕೇ ನನ್ನ ಭಾವ ಕೊಡಲಿ ಹಾಕಿದರು. ನಂಟಸ್ತಿಕೆಯಲ್ಲಿ ವ್ಯಾಪಾರ ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಸುಮ್ಮನೆ ಅಲ್ಲ.

ಹೀಗಿರುವಾಗ ಜಾನಾಬಾಯಿಯ ದೂರು ಬಂತು. "ಶೇಟ್, ನಿನ್ನೆ ಭಟಜಿ ತಟ್ಟೆಯನ್ನೇ ಇಳಿಸಲಿಲ್ಲ. ನನ್ನ ಮೀನೆಲ್ಲ ಉಪವಾಸ."

ಭಾವನನ್ನು ಕೇಳಿದೆ. "ಏಕಾದಶಿ" ಎಂದರು.

"ಏಕಾದಶಿ ನಿಮಗೆ ಭಾವ. ಹೋಟೆಲಿನಲ್ಲಿ ಏಕಾದಶಿ ದಿನ ಬಡಿಸ್ತಿರಲಿಲ್ವಾ?"

"ಅವರು ಗಿರಾಕಿಗಳು" ಎಂದರು ಭಾವ. "ಇವು ಮನೆಯವು."

ಅಂದಿನಿಂದ ನನಗೂ ಒಳಗೊಳಗೆ ಹೆದರಿಕೆ ಶುರುವಾಯಿತು. ಈ ಮನುಷ್ಯನ ಮಳೆಗಾಲ ಆ ಮೀನುಗಳ ಬಾಯಿಯಲ್ಲಿದೆ, ಮೀನುಗಳಿಗೆ ಅದು ಗೊತ್ತಿಲ್ಲ. ಮಸ್ಜಿದ್ ಬಂದರಿನಲ್ಲಿ ಮಾಲು ತೂಗಿಸುತ್ತ ನಿಂತಿದ್ದರೂ, ತಟ್ಟೆ ಖಾಲಿಯಾಯಿತೋ ಇಲ್ಲವೋ ಎಂದು ಯೋಚಿಸಿ ಚೀಲದ ಲೆಕ್ಕ ತಪ್ಪುತ್ತಿದ್ದೆ. ಚಿಂತೆ ಅಂಟುವ ಜಾತಿಯ ರೋಗ. ಚಿಂತೆ ಮಾಡುವವರ ಜೊತೆ ಒಂದೇ ಬೆಂಚಿನಲ್ಲಿ ಕೂರಬೇಡಿ.

ಮಳೆಗೆ ಮುಂಚಿನ ದಿನಗಳು. ಮೋಡ ಕವಿದು ನಿಂತಿತ್ತು. ಹನಿ ಇಲ್ಲ, ಗಾಳಿ ಇಲ್ಲ. ಅಂಗಿ ಬೆನ್ನಿಗಂಟಿದರೆ ಬಿಡಿಸಲಾಗದಂಥ ಸೆಕೆ. ಒಂದು ಬೆಳಿಗ್ಗೆ ಜಾನಾಬಾಯಿ ಘಾಟ್ಕೋಪರಿನ ನನ್ನ ಮನೆ ಬಾಗಿಲಿಗೆ ಬಂದಳು. ಅವಳ ಗಂಟಲು ಏರಿರಲಿಲ್ಲ. ಅದಕ್ಕೇ ನನಗೆ ಭಯವಾದದ್ದು. "ಶೇಟ್, ಚಲಾ" ಎಂದು ಕರೆದಳು ಅಷ್ಟೇ.

ಕೋರೆಯ ನೀರಿನ ಮೇಲೆಲ್ಲ ಬಾಯಿಗಳು. ಇಷ್ಟು ದಿನ ಒಮ್ಮೆಯೂ ಮುಖ ತೋರಿಸದ ಗಿರಾಕಿಗಳು ಇವತ್ತು ಎಲ್ಲರೂ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರು. ಭಾವ ಮೊದಲ ಲೋಕಲ್ ರೈಲಿನಲ್ಲೇ ಬಂದು, ಎಳೆದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಟ್ಟೆ ತುಂಬಾ ನಿನ್ನೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು.

"ಏನು ಹೆಚ್ಚಾಯ್ತು? ಏನು ಕಮ್ಮಿ ಆಯ್ತು?" ಎಂದು ತಟ್ಟೆಯನ್ನೇ ಕೇಳುತ್ತಿದ್ದರು. "ನನ್ನ ಕೈಯಡುಗೆ ತಿಂದು ಹೀಗಾದವಾ?"

ನಾನು ನನಗೆ ಗೊತ್ತಿದ್ದ ಸಲಹೆ ಕೊಟ್ಟೆ. "ಬಲೆ ಹಾಕಿಸಿ. ಸಾಯುವ ಮೊದಲೇ ಮಾರ್ಕೆಟ್ಟಿಗೆ ಹೋಗಲಿ. ಸತ್ತು ತೇಲಿದ ಮಾಲನ್ನು ಯಾರೂ ಮುಟ್ಟುವುದಿಲ್ಲ." ಜಾನಾಬಾಯಿ ತಲೆ ಅಲ್ಲಾಡಿಸಿದಳು. ಇನ್ನೂ ಸಣ್ಣವು, ಯಾರು ಕೊಳ್ಳುತ್ತಾರೆ?

ಭಾವ ನಮ್ಮಿಬ್ಬರನ್ನೂ ಕೇಳಿಸಿಕೊಳ್ಳದವರಂತೆ ನೀರಿನ ಹತ್ತಿರ ಬಗ್ಗಿದರು. ಬಹಳ ಹೊತ್ತು ನೋಡಿದರು.

"ಇದು ಹಸಿವಿನ ಬಾಯಿ ಅಲ್ಲ ಮಾರಾಯ" ಎಂದರು. "ಅನ್ನಕ್ಕೆ ಹೀಗೆ ಬಾಯಿ ತೆರೆಯುವುದಿಲ್ಲ. ಇವಕ್ಕೆ ಉಸಿರು ಸಿಕ್ತಾ ಇಲ್ಲ. ಈ ಬಾಯಿ ನನಗೆ ಗೊತ್ತುಂಟು."

ಆಮೇಲೆ ನಡೆದದ್ದನ್ನು ನಾನು ಈಗಲೂ ಸರಿಯಾಗಿ ನಂಬಿಲ್ಲ. ಜೀವಮಾನವಿಡೀ ಅರ್ಧ ವಡೆಗೆ ನಡುಗಿದ ಆ ಮನುಷ್ಯ ಎದ್ದು ನಿಂತು ಅಂಗಿ ಬಿಚ್ಚಿದರು. "ಇವತ್ತು ಒಂದು ಕಾಳೂ ಹಾಕಬೇಡಿ. ಇವಕ್ಕೆ ಗಾಳಿ ಬೇಕು. ಕಾಫಿ ಎತ್ತಿ ಹೊಯ್ದರೆ ನೊರೆ ಬರ್ತದಲ್ಲ, ನೊರೆ ಎಂದರೆ ಎಂತ? ಗಾಳಿ. ಡಬ್ಬ ತನ್ನಿ."

ನಾನು ಅಂಗಡಿಯೊಂದರಿಂದ ಗ್ರಾಂಟ್ ರೋಡಿಗೆ ಫೋನು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಹೋಟೆಲಿನ ನಾಲ್ಕೈದು ಮಂದಿ ಲುಂಗಿ ಎತ್ತಿ ಕಟ್ಟಿಕೊಂಡು ಬಂದಿಳಿದರು. ಅವರ ಮುಂದಾಳು ಕಾಫಿ ಮಾಡುವ ಶೀನಣ್ಣ. ಅಷ್ಟರೊಳಗೆ ನಾನು, ಜಾನಾಬಾಯಿ, ಭಾವ ಸೊಂಟದವರೆಗೆ ನೀರಿನಲ್ಲಿ ನಿಂತು ಎಣ್ಣೆ ಡಬ್ಬಗಳಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತಿದ್ದೆವು. ಶೀನಣ್ಣನ ಕೈ ತಲೆಯ ಮೇಲಿಂದ ಮೊಣಕಾಲಿನವರೆಗೆ ಒಂದು ಹನಿ ಚೆಲ್ಲದೆ ಕಾಫಿ ಇಳಿಸುವ ಕೈ. ಇಲ್ಲಿ ಚೆಲ್ಲುವುದೇ ಕೆಲಸ ಎಂಬುದು ಅವನ ತೋಳಿಗೆ ಅರ್ಥವಾಗಲು ತಡವಾಯಿತು.

"ನೂಲಿನ ಹಾಗೆ ಇಳಿಸಬೇಡ ಶೀನ, ಒಡೆಯಲಿ! ಎತ್ತರದಿಂದ. ನೊರೆ ಬರಲಿ" ಎಂದು ಭಾವ ಕೂಗಿದರು, ಕೆಮ್ಮಿದರು, ಮತ್ತೆ ಕೂಗಿದರು.

ಗುಡ್ಡದ ಝೋಪಡಿಗಳವರೆಲ್ಲ ದಂಡೆಯಲ್ಲಿ ನೆರೆದರು. ಒಬ್ಬ ಕೇಳಿದ: "ಏ ಕ್ಯಾ ಚಲ್ ರಹಾ ಹೈ?" ಇನ್ನೊಬ್ಬ ಹೇಳಿದ: "ಮದ್ರಾಸಿ ಲೋಗ್ ಮಛಲೀ ಕೋ ಕಾಫೀ ಪಿಲಾ ರಹೇ ಹೈ." ಮೀನಿಗೆ ಕಾಫಿ ಕುಡಿಸುತ್ತಿದ್ದಾರೆಂದು ನಕ್ಕವರಲ್ಲಿ ಕೆಲವರು ಆಮೇಲೆ ತಾವೇ ಡಬ್ಬ ಹಿಡಿದು ಇಳಿದರು.

ಸಂಜೆಯ ಹೊತ್ತಿಗೆ ಮೊದಲ ಮಳೆ ಹೊಡೆಯಿತು. ಮೀನನ್ನು ಉಳಿಸಿದ್ದು ಮಳೆಯೇ ಹೊರತು ಕಾಫಿಯಲ್ಲ ಎನ್ನುವವರಿದ್ದಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಮಳೆ ಬರುವವರೆಗೆ ಅವು ಉಳಿದಿದ್ದವು, ಅಷ್ಟು ನಾನು ಕಣ್ಣಾರೆ ಕಂಡದ್ದು. ಸತ್ತವು ಇಲ್ಲವೆಂದಲ್ಲ, ಜಾನಾಬಾಯಿ ಅವನ್ನು ಬುಟ್ಟಿಗೆ ತುಂಬಿ, ಭಾವನ ಕಣ್ಣಿಗೆ ಬೀಳದಂತೆ ತನ್ನ ಸೆರಗು ಮುಚ್ಚಿ ಒಯ್ದಳು.

ಆದರೆ ಮಳೆಯಲ್ಲಿ ನೆನೆದ ಭಾವ ಮಲಗಿದರು. ಮಲಗಿದರು ಎನ್ನುವುದೂ ತಪ್ಪು. ಕುರ್ಲಾದ ಆ ಒಂದು ಕೋಣೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂತರು, ಕೂತೇ ಇದ್ದರು. ಡಾಕ್ಟರು ಬಂದು ಸೂಜಿ ಚುಚ್ಚಿ ಹೋದರು. ಮರುದಿನವೂ ಹಾಗೇ. ಮೂರನೆಯ ಬೆಳಿಗ್ಗೆ ನಾನು ಹೋದಾಗ ಅಕ್ಕ ಬಾಗಿಲಲ್ಲೇ ತಡೆದಳು. "ಒಂದು ಅಗುಳೂ ಒಳಗೆ ಹೋಗಿಲ್ಲ ತಮ್ಮಾ. ಬಡಿಸಿದ ತಟ್ಟೆ ಹಾಗೇ ತೆಗೀತಾ ಇದ್ದೇನೆ."

ನನ್ನನ್ನು ಕಂಡ ಕೂಡಲೇ ಭಾವ ಕೇಳಿದರು: "ತಿಂದವಾ?"

"ಚೆನ್ನಾಗಿ ಓಡಾಡ್ತಾ ಉಂಟು ಭಾವ. ಬಾಯಿ ಮೇಲೆ ತರುವುದು ನಿಲ್ಲಿಸಿದ್ದಾವೆ."

"ತಿಂದವಾ ಅಂತ ಕೇಳಿದೆ."

"ತಿಂದಿರ್ತಾವೆ."

"ನೀನು ವ್ಯಾಪಾರದವ" ಎಂದರು, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ನಿನ್ನ ಮಾತಿಗೆ ಸಕ್ಕರೆ ಹಾಕಿರ್ತದೆ. ತಟ್ಟೆ ನೋಡದೆ ಹೇಗೆ ನಂಬುವುದು?"

ಮಸ್ಜಿದ್ ಬಂದರಿನಲ್ಲಿ ಕಲ್ಲನ್ನೂ ಮಾತಿನಿಂದ ಮೆತ್ತಗೆ ಮಾಡುವವನೆಂದು ಹೆಸರಾದ ನಾನು ಅಲ್ಲಿಂದ ಸುಮ್ಮನೆ ಎದ್ದೆ. ಲೋಕಲು ಹಿಡಿದು ಘಾಟ್ಕೋಪರಿಗೆ ಬಂದು ಕೋರೆಗೆ ನಡೆದೆ. ಭಾವ ಬಡಿಸುತ್ತಿದ್ದಷ್ಟೇ, ಒಂದು ಹಿಡಿ, ತಟ್ಟೆಗೆ ಹಾಕಿ ಇಳಿಸಿ ಕಲ್ಲಿನ ಮೇಲೆ ಕೂತೆ. ಜಾನಾಬಾಯಿ ಪಕ್ಕದಲ್ಲಿ ಕೂತಳು. ತಿನ್ನದಿದ್ದರೆ? ತಟ್ಟೆ ತುಂಬಿಕೊಂಡೇ ಮೇಲೆ ಬಂದರೆ ಅದನ್ನು ಕುರ್ಲಾಕ್ಕೆ ಹೇಗೆ ಒಯ್ಯುವುದು? ಒಯ್ಯದೆ ಹೇಗೆ ಇರುವುದು? ನಾನು ಬಗ್ಗಿ ಬಗ್ಗಿ ನೀರು ನೋಡುತ್ತಿದ್ದೆ. ಜಾನಾಬಾಯಿ ಮೆಲ್ಲಗೆ ಹೇಳಿದಳು: "ಶೇಟ್, ಈಗ ನೀವೂ ಭಟಜಿಯ ಹಾಗೇ ಕಾಣ್ತೀರಿ."

ಹಗ್ಗ ಎಳೆದೆ. ಮುಕ್ಕಾಲು ತಟ್ಟೆ ಖಾಲಿ. ಅಂಚಿನಲ್ಲಿ ನಾಲ್ಕೈದು ತುಂಡು ಉಳಿದಿತ್ತು. ಅದನ್ನೂ ಕೊಡವಿ ಪೂರ್ತಿ ಖಾಲಿ ತಟ್ಟೆ ಒಯ್ಯೋಣವೆಂದು ಒಂದು ಕ್ಷಣ ಅನಿಸಿತು. ಒಯ್ಯಲಿಲ್ಲ. ಪೂರ್ತಿ ಖಾಲಿ ಕಂಡರೆ, ತೊಳೆದು ತಂದಿದ್ದೀ ಎನ್ನುತ್ತಾರೆ. ವ್ಯಾಪಾರದಲ್ಲಿ ಸ್ವಲ್ಪ ಕೊರತೆ ತೋರಿಸಿದ ಮಾಲನ್ನೇ ಜನ ನಂಬುವುದು.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳುವುದು ಬೇರೆ ಉಂಟು. ಆ ಮಳೆಗಾಲ ಭಾವ ಗ್ರಾಂಟ್ ರೋಡಿಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಜಾನಾಬಾಯಿ ಮಾತು ಉಳಿಸಿಕೊಂಡಳು. ಅವಳ ನೆಂಟರ ಕೆರೆಗಳಿಗೂ ಶ್ಯಾವಿಗೆ ಹೋಯಿತು, ಅದರ ಜೊತೆ ಹಗ್ಗ ಕಟ್ಟಿದ ತಟ್ಟೆಯೂ ಹೋಯಿತು. ತಟ್ಟೆ ನೋಡದವರಿಗೆ ಭಾವ ಆಹಾರ ಕೊಡುತ್ತಿರಲಿಲ್ಲ. ಮೀನು ಹಿಡಿಯುವ ದಿನ ಮಾತ್ರ ಅವರು ಕೋರೆಯ ಕಡೆ ತಲೆ ಹಾಕುತ್ತಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಲೂ ಇರಲಿಲ್ಲ.

ಆ ದಿನ ಒದ್ದೆ ತಟ್ಟೆ ಹಿಡಿದು ಲೋಕಲು ಹತ್ತಿದೆ. (ಲೋಕಲಿನಲ್ಲಿ ಆರಾಮಾಗಿ ನಿಲ್ಲಲು ಜಾಗ ಬೇಕಾದರೆ ಜವಳ ಬೆರೆತ ತಟ್ಟೆ ಕೈಯಲ್ಲಿರಲಿ.) ಕುರ್ಲಾದಲ್ಲಿ ಇಳಿದು, ಚಾಳಿನ ಮೆಟ್ಟಿಲು ಹತ್ತಿ, ತಟ್ಟೆಯನ್ನು ಭಾವನ ಮುಂದೆ ಹಿಡಿದೆ.

ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ವಾಲಿಸಿದರು. ಉಳಿದ ಒಂದು ತುಂಡನ್ನು ಬೆರಳಿನಿಂದ ಒತ್ತಿದರು. ಜವಳ ಹಾಕಿದ್ದನ್ನು ಅವರು ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲು. "ಬಿಡಲಿಲ್ಲ ನೋಡು. ಗಟ್ಟಿ ಉಂಟು" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ಸ್ವಲ್ಪ ಗಂಜಿ ಉಂಟಾ ಮಾರಾಯ್ತಿ?"

ನಾನು ಹೊರಗೆ ಗ್ಯಾಲರಿಗೆ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಅಕ್ಕ ಹೊರಗೆ ಬಂದಳು. ಕೈಯಲ್ಲಿದ್ದ ತಟ್ಟೆಯನ್ನು ನನ್ನ ಮುಂದೆ ವಾಲಿಸಿ ತೋರಿಸಿದಳು. ಅದೂ ಹೋಟೆಲಿನ ಹೆಸರು ಒತ್ತಿದ ತಟ್ಟೆಯೇ. ಗಂಜಿಯ ಬಿಳಿ ಗೆರೆಯೊಂದು ಬಿಟ್ಟರೆ ಏನೂ ಇರಲಿಲ್ಲ.

ಒಳಗಿನಿಂದ ಕೆಮ್ಮಿನ ನಡುವೆ ಭಾವನ ದನಿ ಕೇಳಿತು: "ಎರಡು ತಟ್ಟೆ ಆಯ್ತು. ಇವನ ತಟ್ಟೆ ಎಲ್ಲಿ?"

ಬೆಳಗಿನಿಂದ ನಾನು ಏನೂ ತಿಂದಿಲ್ಲವೆಂಬುದು ನನಗೇ ಆಗ ನೆನಪಾಯಿತು. ಅಕ್ಕ ಬಡಿಸಿದಳು. ಭಾವ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದು ಬಂದು, ಹೊಸ್ತಿಲಲ್ಲಿ ನಿಂತು ನೋಡತೊಡಗಿದರು. ಒಬ್ಬರು ಎದುರು ನಿಂತು ನೋಡುತ್ತಿರುವಾಗ ಉಣ್ಣುವುದು ಕಷ್ಟ ಎಂದು ಮೊದಲೇ ಹೇಳಿದ್ದೇನೆ. ಆದರೂ ಒಂದು ಅಗುಳೂ ಬಿಡಲಿಲ್ಲ.